ಮಗ್ಗುಲು ಬದಲಿಸುವ ಹೊತ್ತು

ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ಎಡದಂಡೆ ಕಾಲುವೆಯ ರೈತರ ನಿದ್ದೆ ಕೆಡಿಸಿದ್ದು 2024ರ ಆಗಸ್ಟ್ ತಿಂಗಳಲ್ಲಿ. ವಾರದ ಹೊತ್ತಿಗೆ ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸಿದರು. ಸಿಂಧನೂರು ಸೀಮೆಯ ಭತ್ತ ಉಳಿಯಿತು. ಸಾಲಗುಂದದ ಒಂದು ಮನೆಯವರ ನಿದ್ದೆ ಮಾತ್ರ ಕೆಟ್ಟದ್ದು ಬೆಳೆ ಕೈಗೆ ಬಂದ ಮೇಲೆ!

ನವೆಂಬರ್ ಕೊನೆಯ ವಾರ. ದ್ವಿತೀಯ ಪಿಯುಸಿ ಓದುವ ಹುಡುಗ ಕಾಲೇಜಿನ ರಜೆಯ ದಿನ ಅಪ್ಪನ ಜೊತೆ ಹುಲ್ಲು ಹೇರಲು ಹೋಗಿದ್ದ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಎರಡಾಳೆತ್ತರ ಹುಲ್ಲು. ಬದುವಿನ ಮೇಲೆ ಗಾಲಿ ಹತ್ತಿ ಇಳಿಯಿತು. ಮೇಲೆ ನಿಂತವನು ಕೆಳಗೆ ಕುಂಡಿಯೂರಿ ಬಿದ್ದ. ಎದ್ದು ಕೂರಲು ಆಗಲಿಲ್ಲ. ಬಳ್ಳಾರಿಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಸೊಂಟದ ಮೊದಲ ಕಶೇರು ಮುಂಭಾಗದಲ್ಲಿ ಕುಸಿದಿತ್ತು. ಎತ್ತರದಿಂದ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಇದೇ ಜಾಗ. ಗಟ್ಟಿಯಾದ ಎದೆಗೂಡು ಮುಗಿದು ಬಳುಕುವ ಸೊಂಟ ಶುರುವಾಗುವ ಸಂಧಿ ಅದು. ಪುಣ್ಯಕ್ಕೆ ನರಕ್ಕೆ ಪೆಟ್ಟಾಗಿರಲಿಲ್ಲ. ಕಾಲು ಆಡುತ್ತಿದ್ದವು, ಮೂತ್ರ ಹಿಡಿತದಲ್ಲಿತ್ತು. ಆಪರೇಷನ್ ಬೇಡ, ಬೆಲ್ಟು ಕಟ್ಟಿ, ಮೂರು ತಿಂಗಳು ಬಗ್ಗುವುದು, ಭಾರ ಎತ್ತುವುದು, ಬೈಕು ಹತ್ತುವುದು ಬೇಡ ಎಂದು ಡಾಕ್ಟರು ಕಳಿಸಿಕೊಟ್ಟರು.

ಹಗಲು ಹೇಗೋ ಕಳೆಯುತ್ತಿತ್ತು. ಮಾತಾಡಿಸಲು ಜನ ಬರುತ್ತಿದ್ದರು, ಗೆಳೆಯರು ನೋಟ್ಸು ತರುತ್ತಿದ್ದರು. ರಾತ್ರಿಯದೇ ಕಷ್ಟ. ಬೆಲ್ಟನ್ನು ಮಲಗುವಾಗ ಬಿಚ್ಚಬಹುದು ಎಂದು ಡಾಕ್ಟರು ಹೇಳಿದ್ದರು. ಬಿಚ್ಚಿದೊಡನೆ ಬೆನ್ನಿಗೆ ಗೋಡೆಯೇ ಇಲ್ಲದಂತೆ ಅವನಿಗೆ ಭಯ. ಅಂಗಾತ ಮಲಗಿದರೆ ಸೊಂಟ ಸೆಳೆಯುತ್ತದೆ. ಹೊರಳಿದರೆ ಸೂಜಿ ಚುಚ್ಚಿದಂತೆ ನೋವು. ಕೆಮ್ಮು ಬಂದರೂ ಹೆದರಿಕೆ, ಸೀನು ಬಂದರೂ ಹೆದರಿಕೆ. ಅಲುಗಾಡದೆ ಮಲಗಿ ಮಲಗಿ ಮೈಯೆಲ್ಲ ಮರಗಟ್ಟಿ, ನೋವು ಇಮ್ಮಡಿಯಾಗುತ್ತಿತ್ತು. ಗದ್ದೆ ಸೀಮೆಯ ಸೊಳ್ಳೆಗಳ ಕಾಟ ಬೇರೆ! ಕಾಲ ಮೇಲೆ ಕೂತ ಒಂದು ಸೊಳ್ಳೆ ಹೊಡೆಯಲು ಹೋಗಿ ಒಮ್ಮೆ ಬೆನ್ನು ತಿರುಚಿಕೊಂಡು ಬೆಳತನಕ ಅತ್ತ. ಮರುದಿನವೇ ಪರದೆ ಬಂತು.

ಸಲಹೆಗಳಿಗೇನು ಬರ? ಒಬ್ಬರು ಹೊರಸಿನ ಮೇಲೆ ಮಲಗಿಸಿ ಎಂದರು. ಹಗ್ಗ ಜೋತುಬಿದ್ದು ಅವನು ತೊಟ್ಟಿಲ ಕೂಸಿನಂತೆ ಬಾಗಿದ. "ನೆಲಕ್ಕ ಮಲಗ್ಸು, ಬೆನ್ನು ತಾನಾ ನೆಟ್ಟಗಾಗ್ತೈತಿ" ಎಂದಳು ಅಜ್ಜಿ. ನೆಲದ ಮೇಲೆ ಮಲಗುವುದೇನೋ ಆಯಿತು, ಏಳುವುದು ಹೇಗೆ? ಅಷ್ಟು ಕೆಳಗಿನಿಂದ ಏಳಬೇಕಾದರೆ ಸೊಂಟ ಬಗ್ಗಲೇಬೇಕು. ಎಣ್ಣೆ ತಿಕ್ಕುವವರನ್ನು ಕರೆಸುವ ಮಾತೂ ಬಂತು. ಮುರಿದ ಬೆನ್ನೆಲುಬನ್ನು ತಿಕ್ಕುವುದು, ಎಳೆಯುವುದು ಎಂಥ ಅಪಾಯವೆಂದು ಬಲ್ಲ ತಾಯಿ ಅದೊಂದಕ್ಕೆ ಖಡಾಖಂಡಿತವಾಗಿ ಒಪ್ಪಲಿಲ್ಲ.

ಹಾಸಿಗೆ ಕಲ್ಲಿನಂತಿದ್ದಷ್ಟೂ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಸ್ಪೇನಿನ ವೈದ್ಯರು 313 ಮಂದಿ ಸೊಂಟನೋವಿನವರ ಮೇಲೆ ಪರೀಕ್ಷಿಸಿ 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು ಬೇರೆಯೇ: ತೀರ ಗಟ್ಟಿ ಹಾಸಿಗೆಗಿಂತ ನಡುತರದ್ದೇ ಹೆಚ್ಚು ಹಿತ. ಅವರು ಮುರಿತದ ರೋಗಿಗಳಲ್ಲ, ದಿಟ. ಆದರೆ ನೋಯುವ ಬೆನ್ನಿಗೆ ಶಿಕ್ಷೆ ಕೊಡಬೇಕಿಲ್ಲ ಎಂಬುದಂತೂ ಅದರಿಂದ ತಿಳಿಯುತ್ತದೆ.

ದಾರಿ ತೋರಿಸಿದ್ದು ಸಿಂಧನೂರಿನಿಂದ ಬಂದ ಫಿಜಿಯೋಥೆರಪಿ ಹುಡುಗಿ. ಅವಳು ಹೊಸದೇನನ್ನೂ ಕೊಳ್ಳಲು ಹೇಳಲಿಲ್ಲ. ಮೊಣಕಾಲೆತ್ತರದ ಕಟ್ಟಿಗೆಯ ಮಂಚ, ಮೇಲೊಂದು ಹತ್ತಿಯ ಗಾದಿ. ತಲೆಗೆ ಎರಡು ದಿಂಬಿದ್ದವು, ಒಂದನ್ನು ತೆಗೆಸಿದಳು. ತಲೆ ಎತ್ತರವಾದರೆ ಬೆನ್ನು ಮುಂದಕ್ಕೆ ಬಾಗುತ್ತದೆ, ಕುಸಿದ ಎಲುಬಿನ ಮೇಲೆ ಭಾರ ಬೀಳುತ್ತದೆ. ಹಳೆಯ ಕೌದಿಯೊಂದನ್ನು ಸುರುಳಿ ಸುತ್ತಿ ಮೊಣಕಾಲ ಕೆಳಗಿಟ್ಟಳು. ಕಾಲು ನೆಟ್ಟಗೆ ಚಾಚಿದಾಗ ತೊಡೆಯ ಬುಡದ ಸ್ನಾಯುಗಳು ಸೊಂಟವನ್ನು ಎಳೆಯುತ್ತವೆ. ಮೊಣಕಾಲು ತುಸು ಮಡಿಸಿದರೆ ಆ ಎಳೆತ ಸಡಿಲ. ಹುಡುಗ ಉಸಿರು ಬಿಟ್ಟ. ಬಿದ್ದಂದಿನಿಂದ ಅದೇ ಮೊದಲ ನೆಮ್ಮದಿಯ ಉಸಿರು.

ಆಮೇಲೆ ಹೊರಳುವ ಪಾಠ. "ಅಮ್ಮಾ, ಕಟ್ಟಿಗೆ ದಿಮ್ಮಿ ಉರುಳಿಸ್ತೀರಲ್ಲ, ಹಂಗ. ಭುಜ ಒಂದು ಕಡೆ, ಸೊಂಟ ಒಂದು ಕಡೆ ಆಗಬಾರದು." ಮೊದಲು ಎರಡೂ ಮೊಣಕಾಲು ಮಡಿಸಬೇಕು, ಕೈ ಎದೆಯ ಮೇಲೆ, ಹೊಟ್ಟೆ ತುಸು ಬಿಗಿ, ಭುಜ-ಸೊಂಟ-ಮೊಣಕಾಲು ಒಟ್ಟಿಗೆ ಉರುಳಬೇಕು. ಮಗ್ಗುಲಾದ ಮೇಲೆ ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಒತ್ತಾಗಿ ಇನ್ನೊಂದು. ಏಳುವುದೂ ಹಾಗೆಯೇ: ಮೊದಲು ಮಗ್ಗುಲು, ಬಳಿಕ ಕಾಲು ಮಂಚದ ಕೆಳಗೆ ಇಳಿಬಿಡುತ್ತ ಮೊಣಕೈ ಊರಿ ಮೇಲೇಳುವುದು. ಅಂಗಾತದಿಂದ ಸೀದಾ ಎದ್ದು ಕೂರುವಂತಿಲ್ಲ. ನೋವಿನ ಮಾತ್ರೆ ಮಲಬದ್ಧತೆ ತರಬಹುದು, ಮುಕ್ಕುವುದೂ ಬೆನ್ನಿಗೆ ಕೆಟ್ಟದ್ದೇ ಎಂದು ನೀರು, ಸೊಪ್ಪು, ಹಣ್ಣು ಹೆಚ್ಚಿಸಲು ಹೇಳಿದಳು. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ ಎಂದು ಎರಡು ಸಲ ಒತ್ತಿ ಹೇಳಿದಳು.

ಮಗ್ಗುಲು ಬದಲಿಸುವುದು ಸಣ್ಣ ಕೆಲಸವೆನಿಸಬಹುದು. ಜರ್ಮನಿಯಿಂದ ಇಂಗ್ಲೆಂಡಿಗೆ ಓಡಿಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರ ವಾರ್ಡು ತೆರೆದರು. ಅದುವರೆಗೆ ಅಂಥವರು ಹಾಸಿಗೆ ಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಸಾಯುವುದೇ ಸಾಮಾನ್ಯವಾಗಿತ್ತು. ಗುಟ್‌ಮನ್ ಹಗಲೂ ರಾತ್ರಿ ಎರಡು ತಾಸಿಗೊಮ್ಮೆ ಅವರನ್ನು ಹೊರಳಿಸುವ ಪದ್ಧತಿ ಹಾಕಿದರು. ಮುಂದೆ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅದೇ ವಾರ್ಡಿನ ಅಂಗಳದಲ್ಲಿ. ಈ ಹುಡುಗನಿಗೆ ಅಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ. ಆದರೂ ತಾಯಿ ಮಂಚದ ಬುಡದಲ್ಲೇ ಚಾಪೆ ಹಾಸಿಕೊಂಡು, ಅವನು ನರಳಿದಾಗಲೆಲ್ಲ "ತಡಿಯಪ್ಪಾ, ಬಂದೆ" ಎಂದು ಎದ್ದು ಹೊರಳಿಸುತ್ತಿದ್ದಳು. ರಾತ್ರಿಗೆ ನಾಲ್ಕು ಸಲ, ಐದು ಸಲ. ಹಗಲು ಗದ್ದೆಗೆ ಹೋದರೆ ಬದುವಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು.

ದಿಂಬು, ಕೌದಿ ಎಲ್ಲ ಸರಿಹೋದ ಮೇಲೂ ಅವನಿಗೆ ನಿದ್ದೆ ಪೂರ್ತಿ ಬರಲಿಲ್ಲ. ಕಾರಣ ಬೆನ್ನಲ್ಲ, ಮಾರ್ಚ್ ತಿಂಗಳು! ಸಂಜೆ ಅಪ್ಪ ಜಗುಲಿಯಲ್ಲಿ ಯಾರ ಹತ್ತಿರವೋ "ಈ ವರ್ಷ ಹೋತು" ಎನ್ನುವುದು ಒಳಗೆ ಕೇಳಿಸುತ್ತಿತ್ತು. ಜನವರಿಯಲ್ಲಿ ಬಸ್ಸಿನಲ್ಲಿ ಟ್ಯೂಷನ್ನಿಗೆ ಕಳಿಸುವ ಯೋಚನೆಯೂ ಅವರಿಗಿತ್ತು. ನೋಡಲು ಬಂದ ಉಪನ್ಯಾಸಕರೊಬ್ಬರು ಅದನ್ನು ತಡೆದರು. "ಈಗ ಮೊದಲಿನ ಹಂಗಿಲ್ರಿ. 2024ರಿಂದ ಪಿಯುಸಿಗೆ ಮೂರು ಪರೀಕ್ಷೆ. ಹೆಸರು ನೋಂದಣಿ ಆಗೈತಿ. ಮಾರ್ಚಿಂದು ತಪ್ಪಿದ್ರೂ ಎರಡನೇದು ಬರೀಬಹುದು. ಹುಡುಗನ ಬೆನ್ನಿಗೆ ಮೂರು ಚಾನ್ಸ್ ಇಲ್ಲ." ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ ತಾನೇ ಒಳಗೆ ಬಂದು ಪರದೆಯ ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸಿ, "ಮಲಗಪ್ಪಾ, ಓದೋದು ಎಲ್ಲಿಗೂ ಓಡಿ ಹೋಗಲ್ಲ" ಎಂದ. ಅಂದು ಹುಡುಗ ಮೂರು ತಾಸು ಒಂದೇ ಸಮನೆ ಮಲಗಿದ. ಮಕ್ಕಳಿಗೆ ನಿದ್ದೆ ತರಿಸುವ ಇಂಥ ಮಾತ್ರೆ ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ.

ಏಳನೇ ವಾರದಲ್ಲಿ ಒಂದು ಬೆಳಗು ತಾಯಿ ಗಾಬರಿಯಿಂದ ಎದ್ದಳು. ಬೆಳಕು ಹರಿದುಬಿಟ್ಟಿತ್ತು, ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ! ಮಂಚದ ಕಡೆ ನೋಡಿದರೆ, ಅಂಗಾತ ಮಲಗಿಸಿದ್ದ ಮಗ ಗೋಡೆಯತ್ತ ಮುಖ ಮಾಡಿ ಮಲಗಿದ್ದಾನೆ. ಮೊಣಕಾಲ ನಡುವೆ ದಿಂಬು ಸರಿಯಾಗಿಯೇ ಇತ್ತು.

"ಯಾರು ಹೊಳ್ಳಿಸಿದ್ರೋ?"

"ನಾನೇ ಹೊಳ್ಳಿದೆ. ನೀ ಮಲಗಿದ್ದೆಲ್ಲ" ಎಂದ, ಕಣ್ಣು ಬಿಡದೆಯೇ.