ದಿನಕ್ಕೆ 22 ತಾಸು

ನನ್ನ ಕೆಳದವಡೆಯ ಮುಂದಿನ ನಾಲ್ಕು ಹಲ್ಲಿಗೆ ಇದ್ದದ್ದು ಮೂರು ಹಲ್ಲಿನ ಜಾಗ. ಒಂದು ಒಳಗೆ ಸರಿದಿತ್ತು, ಒಂದು ಅಡ್ಡ ತಿರುಗಿತ್ತು. ಮೇಲಿನ ಎಡ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೇರಿ ಕೂತಿತ್ತು. ಚೆಂದಕ್ಕಾಗಿ ನಾನು ಎಂದೂ ಕೊರಗಿದವಳಲ್ಲ. ಕುಷ್ಟಗಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಪಾಠ ಹೇಳುವವಳಿಗೆ ಹಲ್ಲಿನ ಸಾಲು ನೋಡಿ ಯಾರೂ ಪಗಾರ ಕೊಡುವುದಿಲ್ಲ. ಆದರೆ ನಲವತ್ತು ಹತ್ತಿರವಾಗುತ್ತಿದ್ದಂತೆ, ಬ್ರಷ್ ಹೋಗದ ಸಂದಿಗಳಲ್ಲಿ ಕಲ್ಲು ಕಟ್ಟಿ, ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ರಕ್ತ ಬರತೊಡಗಿತು. ಊರಿನ ದಂತವೈದ್ಯರು ಕ್ಲೀನ್ ಮಾಡಿ ಹೇಳಿದರು: "ವರ್ಷಾ ತಗದ್ರೂ ಮತ್ತ ಕಟ್ಟತೈತ್ರಿ ಟೀಚರ್. ಹಲ್ಲು ಸರಿ ಆಗೂತನಕ ಇದು ನಿಲ್ಲಂಗಿಲ್ಲ."

ಬಾಗಲಕೋಟೆಯ ತಜ್ಞೆಯೊಬ್ಬರ ಹತ್ತಿರ ಹೋದೆ. ಮೊದಲು ವಸಡು ವಾಸಿಯಾಗಬೇಕು, ರಕ್ತ ನಿಲ್ಲದೆ ಹಲ್ಲಿಗೆ ಕೈ ಹಚ್ಚುವುದಿಲ್ಲ ಎಂದರು. ಆಮೇಲೆ ಎಕ್ಸ್-ರೇ, ಸ್ಕ್ಯಾನ್. ತಂತಿ ಹಾಕಿಸಿದರೆ ಖರ್ಚು ಕಡಿಮೆ. ಅಲೈನರ್, ಅಂದರೆ ಹಲ್ಲಿನ ಮೇಲೆ ಒಂದಾದ ಮೇಲೊಂದು ತೊಡುವ ಪ್ಲಾಸ್ಟಿಕ್ ಟ್ರೇಗಳಾದರೆ ಲಕ್ಷ ದಾಟುತ್ತದೆ, ಆದರೆ ಊಟಕ್ಕೆ ತೆಗೆಯಬಹುದು, ಹಲ್ಲು ಪೂರ್ತಿ ಉಜ್ಜಬಹುದು. ವಸಡಿನ ಭಯಕ್ಕೇ ಹೋದವಳಾದ್ದರಿಂದ ಅಲೈನರ್ ಆರಿಸಿಕೊಂಡೆ. ನೌಕರರ ಪತ್ತಿನ ಸಂಘದಲ್ಲಿ ಸಾಲ ತೆಗೆದೆ.

ಈ ವಿದ್ಯೆಯ ಮೂಲ ಹೊಸದೇನಲ್ಲ. ಅಮೆರಿಕದ ಕೆಸ್ಲಿಂಗ್ ಎಂಬ ವೈದ್ಯರು 1945ರಲ್ಲೇ ಒಂದಾದ ಮೇಲೊಂದು ಅಚ್ಚು ತೊಡಿಸಿ ಹಲ್ಲು ಸರಿಸಬಹುದು ಎಂದು ಬರೆದಿದ್ದರು. ಆದರೆ ಪ್ರತಿ ಹಂತದ ಅಚ್ಚನ್ನೂ ಕೈಯಿಂದ ಮಾಡುವುದು ಆಗದ ಮಾತಾಗಿತ್ತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲೈನ್ ಟೆಕ್ನಾಲಜಿ ಕಂಪನಿ ಹುಟ್ಟಿ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿತು. ಒಂದೊಂದು ಟ್ರೇ ಹಲ್ಲನ್ನು ಸರಿಸುವುದು ಹೆಚ್ಚೆಂದರೆ ಕಾಲು ಮಿಲಿಮೀಟರ್. ಒತ್ತಡ ಬಿದ್ದ ಕಡೆ ದವಡೆಯ ಎಲುಬು ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಎಲುಬು ತುಂಬುತ್ತದೆ. ಅದಕ್ಕೆ ಒತ್ತಡ ಸತತವಾಗಿರಬೇಕು. "ದಿನಕ್ಕ 22 ತಾಸು ಬಾಯಾಗಿರಬೇಕ್ರಿ. ಉಳದ ಎರಡು ತಾಸು ಉಣ್ಣಾಕ, ಹಲ್ಲು ತಿಕ್ಕಾಕ," ಎಂದರು ಡಾಕ್ಟರು. ಕೇಳುವಾಗ ಸುಲಭ ಅನ್ನಿಸಿತ್ತು.

ಜಾಗ ಮಾಡಲು ಹಲ್ಲು ಕೀಳಲಿಲ್ಲ, ಸಂದಿ ಅರೆದರು. ಒರಟು ಲೋಹದ ತೆಳು ಪಟ್ಟಿಯನ್ನು ಎರಡು ಹಲ್ಲಿನ ನಡುವೆ ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ನೋವಿಲ್ಲ, ಆದರೆ ಆ ಕರಕರ ಸದ್ದು ಕಿವಿಯಿಂದಲ್ಲ, ತಲೆಬುರುಡೆಯೊಳಗಿಂದಲೇ ಕೇಳುತ್ತದೆ. ಒಂದು ಸಂದಿಗೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅರೆಯುವುದಿಲ್ಲವಂತೆ. ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ ಎಂದು ಮೊದಲೇ ಹೇಳಿ ಸಹಿ ಮಾಡಿಸಿಕೊಂಡಿದ್ದರು.

ಆಮೇಲಿನ ತೊಂದರೆ ನಮ್ಮ ಸೀಮೆಯದೇ. ಟ್ರೇ ಹಿಡಿತಕ್ಕೆಂದು ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ. ನನ್ನ ಹಲ್ಲಿನ ಮೇಲೆ ಅವು ನಿಲ್ಲಲೊಲ್ಲವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು ಎಂಬುದು ನಮ್ಮ ದೇಶದ ಮಾನಕ. ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಅದನ್ನು ಮೀರಿದ್ದು. ಕಲ್ಲಿನೊಳಗಿನ ಫ್ಲೋರೈಡ್ ನೀರಿಗಿಳಿಯುತ್ತದೆ. ಅದನ್ನೇ ಕುಡಿದು ಬೆಳೆದ ನಮ್ಮ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ. ಅಂಥ ಎನಾಮಲ್‌ಗೆ, ಉಬ್ಬು ಅಂಟಿಸುವ ಮೊದಲು ಹಚ್ಚುವ ಆಸಿಡ್ ಸರಿಯಾಗಿ ಹತ್ತುವುದಿಲ್ಲ, ಅಂಟು ಗಟ್ಟಿ ಹಿಡಿಯುವುದಿಲ್ಲ. ಕಟಕ ರೊಟ್ಟಿ ಕಡಿದರೆ ಒಂದು ಉಬ್ಬು ಕಿತ್ತು ಬರುತ್ತಿತ್ತು. ಮತ್ತೆ ರಜೆ ಚೀಟಿ, ಮತ್ತೆ ಇಳಕಲ್, ಹುನಗುಂದ ದಾಟಿ ಬಾಗಲಕೋಟೆ ಬಸ್ಸು. ಅಮೀನಗಡದಲ್ಲಿ ಬಸ್ಸು ನಿಂತರೆ ಜನ ಇಳಿದು ಕರದಂಟು ಕಟ್ಟಿಸಿಕೊಳ್ಳುತ್ತಿದ್ದರು, ನಾನು ಕಿಟಕಿಯ ಆಚೆ ಮಗ್ಗಲು ನೋಡುತ್ತಿದ್ದೆ.

ಹೊಸ ಟ್ರೇ ಹಾಕಿದ ಮೊದಲೆರಡು ದಿನ ಹಲ್ಲೆಲ್ಲ ಬಿಗಿ, ಅನ್ನ ಅಗಿದರೂ ನೋವು. ಅಂಚು ತಾಗಿ ನಾಲಿಗೆ ಹುಣ್ಣಾಗುತ್ತಿತ್ತು, ಉಗುರು ಉಜ್ಜುವ ಅರದಿಂದ ಅಂಚು ನುಣುಪು ಮಾಡಿಕೊಳ್ಳುತ್ತಿದ್ದೆ. ಶುರುವಿನಲ್ಲಿ ಶ, ಸ ಎರಡೂ ತೊದಲಿದವು. ಉಕ್ತಲೇಖನದಲ್ಲಿ 'ಶಾಸನ' ಹೇಳಿದರೆ ಮಕ್ಕಳು ಬೆಂಚಿಗೊಂದು ಥರ ಬರೆದರು. "ಟೀಚರ್ರಿ, ಬಾಯಾಗ ಏನ್ ಇಟಗೊಂಡೀರಿ?" ಎಂದು ಒಬ್ಬ ಕೇಳಿಯೇಬಿಟ್ಟ. ಟ್ರೇ ತೆಗೆದು ತೋರಿಸಿದೆ. ಅಲ್ಲಿಗೆ ಕ್ಲಾಸಿನ ಕುತೂಹಲ ಮುಗಿಯಿತು.

ಮುಗಿಯದೆ ಉಳಿದದ್ದು ಚಹಾದ ಕಾಟ. ಟ್ರೇ ಬಾಯಲ್ಲಿದ್ದಾಗ ನೀರು ಬಿಟ್ಟು ಬೇರೇನೂ ಕೂಡದು. ಬಿಸಿ ಚಹಾಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸಕ್ಕರೆ ಟ್ರೇಯೊಳಗೆ ನಿಂತು ಹಲ್ಲು ಹುಳುಕಾಗುತ್ತದೆ. ಮನೆಗಣತಿಗೆ ಹೋದರೆ ಮನೆಮನೆಯಲ್ಲೂ ಅರ್ಧ ಕಪ್ಪು ಚಹಾ ಇಡುವ ಊರು ನಮ್ಮದು, ಒಲ್ಲೆ ಅಂದರೆ "ನಮ್ಮ ಮನಿ ಚಾ ಆಗಂಗಿಲ್ಲೇನ್ರಿ?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಕುಡಿಯಬೇಕಾದರೆ ಸೆರಗು ಅಡ್ಡ ಹಿಡಿದು, ಹಿಂದಿನ ದವಡೆಹಲ್ಲಿಗೆ ಉಗುರು ಸಿಕ್ಕಿಸಿ ಟ್ರೇ ಎಬ್ಬಿಸಬೇಕು, ಜೊಲ್ಲಿನ ಎಳೆ ಒರೆಸಿಕೊಂಡು ಡಬ್ಬಿಗೆ ಹಾಕಬೇಕು. ಮುಗಿದ ಮೇಲೆ ಬಚ್ಚಲಿಗೆ ಹೋಗಿ ಹಲ್ಲು ತಿಕ್ಕಬೇಕು. ಕಂಪನಿಯ ಡಬ್ಬಿ ಒಡೆದಾಗ ಅತ್ತೆ ತಮ್ಮ ಸ್ಟೀಲಿನ ಅಡಿಕೆ ಡಬ್ಬಿ ಕೊಟ್ಟರು. "ನಾ ಹಲ್ಲು ಹೋದ ಮ್ಯಾಲ ಕಟ್ಟಿಸೀನಿ, ನೀ ಇದ್ದಾಗನ ಕಳಚಿ ಇಡತೀ" ಎಂದು ನಕ್ಕರು.

ಎಲ್ಲ ಟ್ರೇ ಮುಗಿದರೂ ಕೋರೆಹಲ್ಲು ಪೂರ್ತಿ ತಿರುಗಿರಲಿಲ್ಲ. ದುಂಡಗಿನ ಹಲ್ಲನ್ನು ತಿರುಗಿಸುವುದು ಅಲೈನರಿಗೆ ಕಷ್ಟದ ಕೆಲಸ, ಹಿಡಿಯಲು ಮೂಲೆಯೇ ಇರುವುದಿಲ್ಲ. ಮತ್ತೆ ಸ್ಕ್ಯಾನ್, ಮತ್ತೊಂದು ಸೆಟ್. ಆ ದಿನ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ನೋವಿಗಲ್ಲ, ಮುಗಿಯಿತು ಅಂದುಕೊಂಡದ್ದು ಮತ್ತೆ ಶುರುವಾದದ್ದಕ್ಕೆ.

ಈಗ ಹಲ್ಲು ಸಾಲಿಗೆ ಬಂದಿವೆ, ಸಂದಿಯಲ್ಲಿ ಬ್ರಷ್ ಆಡುತ್ತದೆ, ರಕ್ತ ನಿಂತಿದೆ. ರಾತ್ರಿ ಹಲ್ಲನ್ನು ಹಿಡಿದಿಡುವ ರಿಟೇನರ್ ಮಾತ್ರ ಬಿಡುವಂತಿಲ್ಲ. ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ಹೊರಳುತ್ತವೆ. ಕಂದು ಗೆರೆ ಹಾಗೇ ಇವೆ. ಅವು ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿದ್ದಾಗಲೇ ಬಿದ್ದವು. ನನ್ನ ಕ್ಲಾಸಿನಲ್ಲೂ ಅದೇ ಗೆರೆಯ ಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ಅಲೈನರ್ ಅಲ್ಲ, ಶುದ್ಧ ನೀರಿನ ಘಟಕ ಕೆಟ್ಟ ದಿನವೇ ರಿಪೇರಿ ಆಗುವುದು.

ಹಾಕಿಸಲೇನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ವಸಡು ನೋಡದೆ, ಎಕ್ಸ್-ರೇ ತೆಗೆಯದೆ ಟ್ರೇ ಕೊಡುತ್ತೇನೆ ಅಂದವರ ಕಡೆಯಿಂದ ಎದ್ದು ಬನ್ನಿ. ದುಡ್ಡಿನ ಲೆಕ್ಕ ಆಮೇಲೆ ಹಾಕಿ. ಮಂದಿ ಮನೆಯ ಚಹಾಕ್ಕೆ ಒಲ್ಲೆ ಅನ್ನಲು ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಡಾಕ್ಟರು ಯೋಜನೆ ಹಾಕಿಕೊಡುತ್ತಾರೆ, ಆ 22 ತಾಸು ನಾವೇ ಹಾಕಬೇಕು.