ಒಂದೇ ಜೋಗ, ನಾಲ್ಕು ನೋಟ

ಸಾಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿ ಶರಾವತಿ 253 ಮೀಟರ್ ಆಳದ ಕಣಿವೆಗೆ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ಅದರ ನಾಲ್ಕು ಕವಲುಗಳ ಹೆಸರು ಶಾಲಾ ಮಕ್ಕಳಿಗೆಲ್ಲ ಬಾಯಿಪಾಠ. ಈ ನೀರನ್ನು ಜನ ನೋಡಿದ ಬಗೆಯೂ ನಾಲ್ಕು ತೆರನಾಗಿದೆ.

ಸುತ್ತಲಿನ ಹಳ್ಳಿಗರಿಗೆ ಇದು 'ಜೋಗದ ಗುಂಡಿ'. ಬೀಳುವ ನೀರಿಗಿಂತ ಅದು ಬೀಳುವ ಆಳವೇ ಹೆಸರಿನಲ್ಲಿ ನಿಂತಿದೆ. ಬ್ರಿಟಿಷರು ಘಟ್ಟದ ಕೆಳಗಿನ ಊರಿನ ಹೆಸರು ಹಿಡಿದು ಗೇರುಸೊಪ್ಪೆ ಜಲಪಾತ ಎಂದರು. ಆಗ ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ಮುಂಬಯಿ ಪ್ರಾಂತ್ಯದ್ದು. ಎರಡೂ ಕಡೆ ಬಂಗಲೆಗಳು ಎದ್ದವು. ಗುಂಡಿಯು ನೋಡತಕ್ಕ ಚೆಲುವಾಯಿತು.

ಅನಂತರ ಬಂದವರು ಎಂಜಿನಿಯರುಗಳು. ಸೆಕೆಂಡಿಗೆ ಒಂದು ಘನ ಮೀಟರ್ ನೀರು 253 ಮೀಟರ್ ಕೆಳಕ್ಕೆ ಬಿದ್ದರೆ ಅದರಲ್ಲಿ ಸುಮಾರು 2,480 ಕಿಲೋವಾಟ್ ಶಕ್ತಿ ಅಡಗಿದೆ. ಇದು ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್‌ಗೆ ಏರಿತು. ಕಾರ್ಖಾನೆಗಳು ತಿರುಗಿದವು, ಮನೆಗಳಲ್ಲಿ ದೀಪ ಹತ್ತಿದವು.

ಲೆಕ್ಕ ತಪ್ಪಾಗಿರಲಿಲ್ಲ, ಆದರೆ ಒಂದು ಬಾಬತ್ತು ಅದರಲ್ಲಿ ಸರಿಯಾಗಿ ಸೇರಿರಲಿಲ್ಲ. ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ, ಕಾಡು ಹಿನ್ನೀರಿನಲ್ಲಿ ಮುಳುಗಿದವು. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳಲ್ಲಿ ಅನೇಕರು ಅರವತ್ತು ವರ್ಷಗಳ ಮೇಲೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ತುಮರಿ ಸೀಮೆಯವರು 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಸಾಗರದ ಕಡೆ ಬರಲು ಲಾಂಚ್ ಕಾಯಬೇಕಾಗಿತ್ತು.

ನಾಲ್ಕನೆಯ ನೋಟ ಈಚಿನದು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಹಾಗೂ 1994ರ ಪರಿಸರ ಪರಿಣಾಮ ಅಧಿಸೂಚನೆ ಬಂದ ಮೇಲೆ, ದೊಡ್ಡ ಯೋಜನೆಗೆ ಮುನ್ನ ಕಾಡಿನ ಲೆಕ್ಕವನ್ನೂ ಕೊಡಬೇಕಾಯಿತು. 2019ರಲ್ಲಿ ಈ ಕಣಿವೆಯ 930 ಚ.ಕಿ.ಮೀ. ಪ್ರದೇಶ ಸಿಂಗಳೀಕ ಅಭಯಾರಣ್ಯವೆಂದು ಘೋಷಿತವಾಯಿತು. ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ನೆಲೆಯಿಲ್ಲದ ಈ ಕೋತಿ ಹೆಚ್ಚಾಗಿ ಮರದಿಂದ ಮರಕ್ಕೇ ಸಾಗುತ್ತದೆ. ಕಾಡಿನ ಮೇಲ್ಚಪ್ಪರ ತುಂಡಾದರೆ ಅದರ ದಾರಿಯೂ ತುಂಡು.

ಹಾಗೆಂದು ಹಳೆಯ ಲೆಕ್ಕ ಮುಗಿದಿಲ್ಲ. ವಿದ್ಯುತ್ ಹೆಚ್ಚಿರುವಾಗ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಡುವ 2,000 ಮೆಗಾವಾಟ್ ಯೋಜನೆ ಪರ–ವಿರೋಧಗಳಿಗೆ ಕಾರಣವಾಗಿದೆ. ಸೌರವಿದ್ಯುತ್ತಿನ ಕಾಲಕ್ಕೆ ಇದು ಬೇಕೆನ್ನುವವರಿದ್ದಾರೆ; ಈ ಕಣಿವೆ ಕೊಟ್ಟಿದ್ದು ಸಾಕೆನ್ನುವವರೂ ಇದ್ದಾರೆ.

ಬೇಸಿಗೆಯಲ್ಲಿ ಜೋಗಕ್ಕೆ ಹೋದವರು 'ನೀರೇ ಇಲ್ಲ' ಎಂದು ಬೇಸರಪಟ್ಟು ಹಿಂದಿರುಗುವುದುಂಟು. ಆ ನೀರು ಎಲ್ಲಿಗೆ ಹೋಯಿತು, ಅದರ ಬೆಳಕಿನಲ್ಲಿ ಯಾರು ಓದಿದರು, ಅದಕ್ಕಾಗಿ ಯಾರು ಊರು ಬಿಟ್ಟರು ಎಂಬುದನ್ನು ಹೆತ್ತವರು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಿದರೆ, ಆ ಬರಿಬಂಡೆಯೂ ನೋಡತಕ್ಕದ್ದೇ.