ಫರಾಮೋಶ್‌ಖಾನೆಯ ಬಾಗಿಲಲ್ಲಿ

ನಮ್ಮ ದಾದಾ ಚಾಕರಿ ಮಾಡುತ್ತಿದ್ದ ಕಟ್ಟಡಕ್ಕೆ ಊರಿನಲ್ಲಿ ಎರಡು ಹೆಸರಿದ್ದವು. ನಮ್ಮ ಮೊಹಲ್ಲಾದವರು ಅದನ್ನು ಜಾದೂಘರ್ ಎನ್ನುತ್ತಿದ್ದರು. ಪೇಟೆಯ ಕಡೆಯವರಿಗೆ ಅದು ದೆವ್ವದ ಬಂಗಲೆ. ಹಿಂದೆ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರು ನಮ್ಮದು. ದೊರೆಗಳು ತಿಂಗಳಿಗೊಮ್ಮೆ ಸಂಜೆ ಅಲ್ಲಿ ಸೇರುತ್ತಿದ್ದರಂತೆ. ಕಿಟಕಿ ಬಾಗಿಲು ಮುಚ್ಚಿಕೊಂಡು, ಸೊಂಟಕ್ಕೆ ಬಿಳಿ ಅಂಗವಸ್ತ್ರ ಕಟ್ಟಿಕೊಂಡು ಏನೋ ಮಾಡುತ್ತಿದ್ದರಂತೆ. ದಾದಾ ದೀಪ ಹೊತ್ತಿಸಿ, ಹಿತ್ತಾಳೆ ಸಾಮಾನು ತಿಕ್ಕಿ, ರಾತ್ರಿ ಊಟದ ಮೇಜು ಸಜ್ಜು ಮಾಡಿ ಹೊರಗೆ ನಿಲ್ಲಬೇಕು. ಒಳಗಿನಿಂದ ಮರದ ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು.

'ಒಳಗೆ ಏನು ಮಾಡ್ತಿದ್ರು ದಾದಾ?' ಎಂದು ನಾವು ಮಕ್ಕಳು ಪೀಡಿಸುತ್ತಿದ್ದೆವು. 'ಬಾಗಿಲ ಒಳಗಿನದು ಬಾಗಿಲ ಒಳಗೇ' ಎಂದು ಅವರು ಬೀಡಿ ಹಚ್ಚುತ್ತಿದ್ದರು. ಗುಟ್ಟು ಕಾಪಾಡುತ್ತಿದ್ದರೋ, ಅಥವಾ ಏನೂ ಗೊತ್ತಿರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. 'ಅವರಿಗೇನು ಗೊತ್ತು, ಸುಳ್ಳೇ ದೊಡ್ಡಸ್ತಿಕೆ' ಎಂದು ದಾದಿ ಮೂಗು ಮುರಿಯುತ್ತಿದ್ದಳು.

ಕಾಲೇಜಿನಲ್ಲಿದ್ದಾಗ ಕಿಪ್ಲಿಂಗನ 'ಕಿಮ್' ಕಾದಂಬರಿ ಕೈಗೆ ಸಿಕ್ಕಿತು. 1901ರಲ್ಲಿ ಅಚ್ಚಾದ ಪುಸ್ತಕ. ಮೊದಲ ಪುಟಗಳಲ್ಲೇ ನಮ್ಮ ಮೊಹಲ್ಲಾದ ಮಾತು ಎದುರಾಯಿತು: ಜಾದೂಘರ್. ಕಿಮ್‌ನ ಅಪ್ಪ ಐರಿಷ್ ಸಿಪಾಯಿ. ಅವನು ಬಿಟ್ಟುಹೋದ ಕಾಗದಗಳನ್ನು ತಾಯಿತದಂತೆ ಹೊಲಿದು ಹುಡುಗನ ಕೊರಳಿಗೆ ಕಟ್ಟಿರುತ್ತಾರೆ. ಅವು ಲಾಹೋರಿನ ಜಾದೂಘರದ್ದು, ಅಂದರೆ ಮೇಸನಿಕ್ ಲಾಡ್ಜಿನದ್ದು. ಪಂಜಾಬಿನ ಜನ ಕರೆದ ಹೆಸರನ್ನೇ ನಮ್ಮ ದಖನಿಯವರೂ ಕರೆದಿದ್ದರಲ್ಲ ಎಂದು ಆಶ್ಚರ್ಯವಾಯಿತು. ಅಂದಿನಿಂದ ಲಾಹೋರಿನ ಆ ಲಾಡ್ಜು ನನ್ನ ತಲೆಯಲ್ಲಿ ಕೂತಿದೆ.

ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡಿನ ಎದುರು ರೂಮು ಬಾಡಿಗೆಗೆ ಕೊಡುವ ಜಾಗ ಎಂದೇ ನಮಗೆ ಅಭ್ಯಾಸ. ಇದು ಆ ಲಾಡ್ಜಲ್ಲ. ಕಲ್ಲುಕುಟಿಗರ ಹಳೆಯ ಸಂಘಗಳ ಪದ್ಧತಿಗಳನ್ನು ಎತ್ತಿಕೊಂಡು ಇಂಗ್ಲೆಂಡಿನ ಮೇಲುವರ್ಗದವರೂ ಮಧ್ಯಮವರ್ಗದವರೂ ಕಟ್ಟಿಕೊಂಡ ಸೋದರಕೂಟ ಫ್ರೀಮೇಸನರಿ. ಲಂಡನ್ನಿನಲ್ಲಿ ಅದರ ಮಹಾಸಭೆ ಸ್ಥಾಪನೆಯಾದದ್ದು 1717ರಲ್ಲಿ. 1730ರ ಹೊತ್ತಿಗೆ ಕಲ್ಕತ್ತೆಯ ಕಂಪನಿ ನೌಕರರೂ ಒಂದು ಲಾಡ್ಜ್ ಮಾಡಿಕೊಂಡಿದ್ದರು. ಮುಂದೆ ದಂಡು ಹೋದಲ್ಲೆಲ್ಲ ಚರ್ಚು, ಕ್ಲಬ್ಬು, ಗೋರಿಗಳ ಜೊತೆಗೆ ಲಾಡ್ಜೂ ಹೋಯಿತು. ಮೂಲೆಮಟ್ಟ, ಕೈವಾರ, ಸುತ್ತಿಗೆ ಅವರ ಸಂಕೇತಗಳು. ಹಜರತ್ ಸುಲೈಮಾನರ ಮಂದಿರ ಕಟ್ಟಿದ ಕಥೆ ಅವರ ಪುರಾಣ. ಸುಲೈಮಾನರ ಹೆಸರು ಬಂದ ಮೇಲೆ ಜಿನ್ನುಗಳೂ ಬರಲೇಬೇಕಲ್ಲ! ನಮ್ಮ ಜನ ಜಾದೂಘರ್ ಎಂದದ್ದರಲ್ಲಿ ತಪ್ಪೇನೂ ಇಲ್ಲ.

ಲಾಹೋರಿನ ಲಾಡ್ಜಿನ ಹೆಸರು ಹೋಪ್ ಅಂಡ್ ಪರ್ಸಿವರೆನ್ಸ್, ಸಂಖ್ಯೆ 782. ಸ್ಥಳೀಯ ಸಿವಿಲ್ ಅಂಡ್ ಮಿಲಿಟರಿ ಗೆಜೆಟ್ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದ ರಡ್ಯಾರ್ಡ್ ಕಿಪ್ಲಿಂಗ್ 1886ರ ಏಪ್ರಿಲ್ 5ರಂದು ಅಲ್ಲಿ ದೀಕ್ಷೆ ಪಡೆದ. ಆಗ ಅವನಿಗೆ ಇಪ್ಪತ್ತು ವರ್ಷ. ನಿಯಮದ ಪ್ರಕಾರ ಇಪ್ಪತ್ತೊಂದು ಆಗಿರಬೇಕಿತ್ತು, ಆದರೆ ವಿಶೇಷ ಅನುಮತಿ ಕೊಟ್ಟು ಸೇರಿಸಿಕೊಂಡರು. ಬರೆಯಬಲ್ಲ ಹುಡುಗ, ಒಳ್ಳೆಯ ಕಾರ್ಯದರ್ಶಿಯಾದಾನು ಎಂಬ ಆಸೆಯಿಂದ ಎಂದು ಅವನೇ ಆತ್ಮಕಥೆಯಲ್ಲಿ ತಮಾಷೆ ಮಾಡಿಕೊಂಡಿದ್ದಾನೆ. ಅಲ್ಲಿ ಅವನು ಮುಸಲ್ಮಾನರನ್ನು, ಹಿಂದೂಗಳನ್ನು, ಸಿಖ್ಖರನ್ನು, ಆರ್ಯಸಮಾಜ ಬ್ರಹ್ಮಸಮಾಜದವರನ್ನು ಸಮಾನರಾಗಿ ಕಂಡನಂತೆ. ಬಾಗಿಲಲ್ಲಿ ಕತ್ತಿ ಹಿಡಿದು ಕಾಯುತ್ತಿದ್ದವನು ಒಬ್ಬ ಯಹೂದಿ. ಆತ ತನ್ನ ಪುಟ್ಟ ಸಮುದಾಯಕ್ಕೆ ಪುರೋಹಿತನೂ ಹೌದು, ಕಸಾಯಿಯೂ ಹೌದು. 1925ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಕಾಗದದಲ್ಲಿ ಕಿಪ್ಲಿಂಗ್ ಇದನ್ನೇ ಹೆಮ್ಮೆಯಿಂದ ನೆನೆದಿದ್ದಾನೆ. ಮೊದಲ ದೀಕ್ಷೆ ಕೊಟ್ಟವನು ಬ್ರಹ್ಮಸಮಾಜಿ, ಎರಡನೆಯದು ಮುಸಲ್ಮಾನ, ಮೂರನೆಯದು ಇಂಗ್ಲಿಷಿನವ ಎಂದು ಅವನ ಲೆಕ್ಕ. ಮುದುಕರ ನೆನಪು ಸ್ವಲ್ಪ ಸಿಹಿಯಾಗಿಯೇ ಇರುತ್ತದೆ, ಅದಿರಲಿ. ದೀಕ್ಷೆಯ ವರ್ಷವನ್ನೇ ಅವನು ಆತ್ಮಕಥೆಯಲ್ಲಿ 1885 ಎಂದು ತಪ್ಪಾಗಿ ಬರೆದುಕೊಂಡಿದ್ದಾನೆ.

ದೀಕ್ಷೆ ಹೇಗೆ ನಡೆಯುತ್ತದೆಂಬುದು ಈಗ ಗುಟ್ಟೇನಲ್ಲ. ಬರುವವನ ಜೇಬಿನ ಕಾಸು, ಉಂಗುರ, ಲೋಹದ ಯಾವುದೇ ವಸ್ತು ಹೊರಗೇ ಉಳಿಯಬೇಕು. ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗ. ಅಂಗಿ ಒಂದು ಕಡೆ ಬಿಚ್ಚಿರಬೇಕು, ಷರಾಯಿಯ ಒಂದು ಕಾಲು ಮಡಚಿರಬೇಕು. ಕಲೆಕ್ಟರನಾದರೂ ಗುಮಾಸ್ತನಾದರೂ ಹೀಗೆಯೇ ಒಳಗೆ ಹೋಗಬೇಕು. ಹಜ್‌ಗೆ ಹೊರಟವನು ಇಹ್ರಾಮ್ ಉಡುವುದು ನನಗೆ ನೆನಪಾಗುತ್ತದೆ. ಮುಸಲ್ಮಾನನಾದರೆ ಕುರ್‌ಆನಿನ ಮೇಲೆ, ಹಿಂದೂ ಆದರೆ ತನ್ನ ಗ್ರಂಥದ ಮೇಲೆ ಪ್ರಮಾಣ. ಆಮೇಲೆ ಎಲ್ಲರೂ 'ಬ್ರದರ್'. ಧರ್ಮ, ರಾಜಕೀಯ ಎರಡನ್ನೂ ಒಳಗೆ ಚರ್ಚಿಸುವಂತಿಲ್ಲ.

ಅದೇ ಲಾಹೋರಿನಲ್ಲಿ, ಇದಕ್ಕೆ ಮೂರು ವರ್ಷ ಮುಂಚೆ ಏನಾಗಿತ್ತು ನೋಡಿ. 1883ರಲ್ಲಿ ರಿಪನ್ನನ ಸರ್ಕಾರ ಇಲ್ಬರ್ಟ್ ಮಸೂದೆ ತಂದಿತು. ಭಾರತೀಯ ನ್ಯಾಯಾಧೀಶರು ಜಿಲ್ಲೆಗಳಲ್ಲಿ ಯುರೋಪಿಯನ್ ಆರೋಪಿಗಳನ್ನೂ ವಿಚಾರಣೆ ಮಾಡಬಹುದು ಎಂಬುದಷ್ಟೇ ಅದರಲ್ಲಿದ್ದ ಮಾತು. ದೇಶದಲ್ಲಿದ್ದ ಬಿಳಿಯರೆಲ್ಲ ಎದ್ದು ಕೂತರು. ಗೆಜೆಟ್ ಪತ್ರಿಕೆ ಸರ್ಕಾರದ ಪರವಾಗಿ ಸ್ವಲ್ಪ ಮೆತ್ತಗೆ ಬರೆಯಿತೆಂಬ ಕಾರಣಕ್ಕೆ, ಊಟಕ್ಕೆಂದು ಕ್ಲಬ್ಬಿಗೆ ಹೋದ ಹದಿನೇಳರ ಕಿಪ್ಲಿಂಗನನ್ನು ಅಲ್ಲಿದ್ದವರು ಬುಸ್ಸೆಂದು ಅವಮಾನಿಸಿದರು. ಅವನು ಪತ್ರಿಕೆಯ ಸಂಬಳದ ಹುಡುಗನಷ್ಟೆ, ಸಂಪಾದಕನಲ್ಲ. ಕೊನೆಗೆ 1884ರಲ್ಲಿ, ಬಿಳಿಯ ಆರೋಪಿ ಕೇಳಿದರೆ ಜ್ಯೂರಿಯಲ್ಲಿ ಅರ್ಧದಷ್ಟಾದರೂ ಬಿಳಿಯರೇ ಇರಬೇಕೆಂದು ತಿದ್ದಿ, ಮಸೂದೆಯ ಹಲ್ಲು ಕಿತ್ತು ಕಾನೂನು ಮಾಡಿದರು. ಕೋರ್ಟಿನಲ್ಲಿ ಕರಿಯನ ಮುಂದೆ ನಿಲ್ಲಲಾರೆವು ಎಂದು ಹಟ ಹಿಡಿದ ಸಮುದಾಯದ ಕೆಲವರೇ, ಅದೇ ಕಾಲದಲ್ಲಿ ಲಾಡ್ಜಿನಲ್ಲಿ ಕಣ್ಣು ಕಟ್ಟಿಸಿಕೊಂಡು ಅವನ ಪಕ್ಕದಲ್ಲಿ ನಿಲ್ಲಲು ಒಪ್ಪಿದ್ದರು. ಇದನ್ನು ಬರೀ ಸೋಗು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೋಗಾಗಿದ್ದರೆ ಇಷ್ಟು ಕಷ್ಟಪಡುವ ಅಗತ್ಯವಿರಲಿಲ್ಲ.

ಫಾರ್ಸಿಯಲ್ಲಿ ಮೇಸನಿಕ್ ಲಾಡ್ಜಿಗೆ ಇನ್ನೊಂದು ಹೆಸರಿದೆ, ಫರಾಮೋಶ್‌ಖಾನಾ. ಫ್ರೀಮೇಸನ್ ಎಂಬುದು ಫಾರ್ಸಿಯ ನಾಲಗೆಯಲ್ಲಿ ಹೊರಳಿ 'ಫರಾಮೋಶ್' ಆಗಿರಬೇಕು. ಫರಾಮೋಶ್ ಎಂದರೆ ಮರೆವು. ಮರೆವಿನ ಮನೆ! ಒಳಗೆ ನಡೆದದ್ದನ್ನು ಕೇಳಿದರೆ 'ಮರೆತೆ' ಎನ್ನುತ್ತಾರೆ, ಅದಕ್ಕೇ ಈ ಹೆಸರು ಎಂದು ಅರ್ಥ ಹೇಳುವವರಿದ್ದಾರೆ. ಉರ್ದು ಶಾಲೆಯಲ್ಲಿ 'ಏಹಸಾನ್ ಫರಾಮೋಶ್', ಉಪಕಾರ ಮರೆತವನು, ಎಂದು ಬೈಸಿಕೊಂಡು ಬೆಳೆದ ನನಗೆ ಈ ಪದ ಸಿಕ್ಕ ದಿನ ಒಂದು ಬೀಗದ ಕೈ ಸಿಕ್ಕಂತಾಯಿತು. ಒಳಗೆ ಹೋಗುವಾಗ ಹೊರಗಿನದನ್ನು ಮರೆಯಬೇಕು, ಸರಿ. ಹೊರಗೆ ಬರುವಾಗ ಒಳಗಿನದನ್ನು ಮರೆಯುವವರು ಯಾರು?

ಇದಕ್ಕೊಂದು ಹಳೆಯ ಕಥೆ ನಮ್ಮ ಕಡೆಯೇ ಇದೆ. ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾಹನ ಹಿರಿಯ ಮಗ ಉಮ್ದತುಲ್ ಉಮರಾ. 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಅವನಿಗೆ ದೀಕ್ಷೆಯಾಯಿತು. ಈ ನೆಲದಿಂದ ಫ್ರೀಮೇಸನ್ ಆದ ಮೊದಲಿಗರಲ್ಲಿ ಅವನೊಬ್ಬ. ಲಂಡನ್ನಿನ ಮಹಾಸಭೆಗೆ ಸಂಭ್ರಮವೋ ಸಂಭ್ರಮ. ಕಸೂತಿ ಹಾಕಿದ ಅಂಗವಸ್ತ್ರವನ್ನೂ ತಮ್ಮ ನಿಯಮಗಳ ಪುಸ್ತಕವನ್ನೂ ಹಡಗಿನಲ್ಲಿ ಕಳಿಸಿಕೊಟ್ಟರು. ಅವನು ಫಾರ್ಸಿಯಲ್ಲಿ ಸೋದರವಾತ್ಸಲ್ಯದ ಉತ್ತರ ಬರೆದ. 1795ರಲ್ಲಿ ಅವನೇ ನವಾಬನಾದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಅರಮನೆಯಲ್ಲಿ ಸಿಕ್ಕ ಕಾಗದಪತ್ರಗಳನ್ನು ಕಂಪನಿಯವರು ಜಾಲಾಡಿದರು. ವಾಲಾಜಾಹನೂ ಅವನ ಮಗನೂ ಟಿಪ್ಪುವಿನ ಜೊತೆ ಗುಟ್ಟಾಗಿ ಪತ್ರವ್ಯವಹಾರ ನಡೆಸಿದ್ದರು ಎಂದು ಅದರಿಂದ ಆರೋಪ ಹೊರಡಿಸಿದರು. ಆ ಸಾಕ್ಷ್ಯವನ್ನು ಇತಿಹಾಸಕಾರ ಜೇಮ್ಸ್ ಮಿಲ್‌ನೇ ನಂಬಲಿಲ್ಲ, ನಮ್ಮ ಬಗ್ಗೆ ಒಳ್ಳೆಯ ಮಾತಾಡಿದವನಲ್ಲ ಆತ. 1801ರ ಜುಲೈನಲ್ಲಿ ಉಮ್ದತುಲ್ ಉಮರಾ ತೀರಿಕೊಂಡ. ಕಂಪನಿಯ ಷರತ್ತಿಗೆ ಒಪ್ಪದ ಅವನ ಮಗನನ್ನು ಬದಿಗೊತ್ತಿ, ಒಪ್ಪಿದ ಬಂಧುವೊಬ್ಬನನ್ನು ಗಾದಿಯ ಮೇಲೆ ಕೂರಿಸಿ, ಅದೇ ತಿಂಗಳ ಕೊನೆಯಲ್ಲಿ ಕರ್ನಾಟಿಕ್ ಪ್ರಾಂತ್ಯದ ಆಡಳಿತವನ್ನೆಲ್ಲ ಕಂಪನಿ ನುಂಗಿತು. ನುಂಗಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. ಇದೇ ವೆಲ್ಲೆಸ್ಲಿ 1782ರಲ್ಲಿ ಐರ್ಲೆಂಡಿನ ಫ್ರೀಮೇಸನ್ನರ ಗ್ರ್ಯಾಂಡ್ ಮಾಸ್ಟರ್ ಆಗಿದ್ದವನು! ಬಿರಾದರ್ ಬಿರಾದರನ ಮನೆ ಕಸಿದುಕೊಂಡ. ಅಂಗವಸ್ತ್ರ ಪೆಟ್ಟಿಗೆಯಲ್ಲೇ ಉಳಿದಿರಬೇಕು.

ಕಿಪ್ಲಿಂಗನ ಕಥೆಯೂ ಹೀಗೆಯೇ ಕವಲೊಡೆಯುತ್ತದೆ. 'ಮದರ್ ಲಾಡ್ಜ್' ಎಂಬ ಅವನ ಪದ್ಯ 1896ರ ಸಂಕಲನದಲ್ಲಿದೆ. ಲೆಕ್ಕಪತ್ರದ ಭೋಲಾನಾಥ, ಏಡನ್ನಿನ ಯಹೂದಿ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ದೀನ್ ಮಹಮ್ಮದ್, ಸಿಖ್ಖ ಅಮೀರ್ ಸಿಂಗ್, ಇವರೆಲ್ಲ ಕೂತು ರಾತ್ರಿ ಪೂರಾ ದೇವರ ಬಗ್ಗೆ ಮಾತಾಡುತ್ತಾರೆ. ಹೊರಗೆ ಸಲಾಮು, ಒಳಗೆ ಸೋದರತ್ವ. ಜಾತಿ ಕೆಟ್ಟೀತೆಂದು ಒಟ್ಟಿಗೆ ಊಟ ಮಾತ್ರ ಇಲ್ಲ. ದೂರ ದೇಶದಿಂದ ಅದನ್ನೆಲ್ಲ ನೆನೆದು ಹಂಬಲಿಸುವ ಪದ್ಯ, ನಿಜಕ್ಕೂ ಚೆಂದ. ಓದಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗಿದೆ.

1919ರ ಏಪ್ರಿಲ್ 13ರಂದು ಜನರಲ್ ಡೈಯರ್ ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ. ಲಾಹೋರಿನಿಂದ ರೈಲಿನಲ್ಲಿ ಒಂದೆರಡು ಗಂಟೆಯ ದಾರಿ ಅದು. ಸತ್ತವರಲ್ಲಿ ಭೋಲಾನಾಥರಿದ್ದರು, ಅಮೀರ್ ಸಿಂಗರಿದ್ದರು, ದೀನ್ ಮಹಮ್ಮದರಿದ್ದರು. ಮರುವರ್ಷ ಡೈಯರನನ್ನು ಕೆಲಸದಿಂದ ಇಳಿಸಿದಾಗ ಮಾರ್ನಿಂಗ್ ಪೋಸ್ಟ್ ಪತ್ರಿಕೆ ಅವನಿಗಾಗಿ ನಿಧಿ ಎತ್ತಿತು. 26,000 ಪೌಂಡಿಗೂ ಹೆಚ್ಚು ಕೂಡಿತು. ಅದರಲ್ಲಿ 10 ಪೌಂಡು ಕಿಪ್ಲಿಂಗನದು. ಟೈಮ್ಸ್‌ಗೆ ನಾಲ್ಕು ಧರ್ಮದ ಸೋದರರ ಬಗ್ಗೆ ಕಾಗದ ಬರೆದದ್ದು ಇದಾದ ಐದು ವರ್ಷಕ್ಕೆ. ಎರಡನ್ನೂ ಬರೆದದ್ದು ಒಂದೇ ಕೈ, ಕಾಗದವನ್ನೂ ಚೆಕ್ಕನ್ನೂ.

ಲಾಹೋರಿನ ನಾಲ್ಕು ಧರ್ಮದ ಬಳಗ 1947ರಲ್ಲಿ ತಾನಾಗಿಯೇ ಚೆದುರಿತು. ಹಿಂದೂಗಳು, ಸಿಖ್ಖರು ಇತ್ತ ಬಂದರು. ಮಾಲ್ ರಸ್ತೆಯಲ್ಲಿ ಮೇಸನರಿಗೆ ಭವ್ಯ ಕಟ್ಟಡವಿತ್ತು, ಕಿಪ್ಲಿಂಗ್ ಹೋದ ಮೇಲೆ ಕಟ್ಟಿದ್ದು. 1972ರಲ್ಲಿ ಭುಟ್ಟೋ ಸರ್ಕಾರ ಫ್ರೀಮೇಸನರಿಯನ್ನೇ ನಿಷೇಧಿಸಿ ಅದನ್ನು ವಶಪಡಿಸಿಕೊಂಡಿತು. ಮುಂದೆ ಅದು ಸರ್ಕಾರಿ ಕಚೇರಿಯಾಯಿತು. ಇತ್ತ ಭಾರತದಲ್ಲಿ 1961ರಲ್ಲಿ ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಆಗಿ, ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಇದೆಲ್ಲ ಯಹೂದಿಗಳ ಪಿತೂರಿ ಎನ್ನುವ ಉರ್ದು ಕಿರುಪುಸ್ತಕಗಳು ನಮ್ಮ ಜುಮ್ಮಾ ಮಸೀದಿಯ ಮುಂದೆ ಐದು ರೂಪಾಯಿಗೆ ಸಿಗುತ್ತಿದ್ದವು. ನಾನೂ ಕೊಂಡು ಓದಿದ್ದೇನೆ. ಲಾಹೋರಿನ ಬಾಗಿಲಲ್ಲಿ ಕತ್ತಿ ಹಿಡಿದು ನಿಂತ ಆ ಬಡ ಕಸಾಯಿಯನ್ನು ನೋಡಿದ್ದರೆ ಬರೆದವರಿಗೇ ನಗು ಬರುತ್ತಿತ್ತೇನೋ.

ನಾನು ಕತೆ ಬರೆಯುವವನು. ಸರ್ವೆ ಕಚೇರಿಯ ದೀನ್ ಮಹಮ್ಮದನ ಮೇಲೆ ಒಂದು ಕತೆ ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೇನೆ. ಎರಡು ಗಂಟೆ 'ಬ್ರದರ್' ಎನಿಸಿಕೊಂಡು ನಡುರಾತ್ರಿ ಒಬ್ಬನೇ ಮನೆಗೆ ನಡೆಯುವಾಗ ಅವನ ಮನಸ್ಸಿನಲ್ಲಿ ಏನಿರುತ್ತದೆ? ಮಾರನೆಯ ದಿನ ಅದೇ ಬ್ರದರ್‌ನ ಮೇಜಿನ ಮುಂದೆ ನಕ್ಷೆ ಹಿಡಿದು ನಿಂತಾಗ ಅವನು ಎಲ್ಲಿ ನೋಡುತ್ತಾನೆ? ಮೂರು ಸಲ ಶುರು ಮಾಡಿದೆ. ಮೂರು ಸಲವೂ ನಾಲ್ಕೈದು ಪುಟಕ್ಕೆ ನಿಂತಿತು. ಪ್ರತಿ ಸಲವೂ ಅವನ ಮುಖದ ಜಾಗದಲ್ಲಿ ನನಗೆ ಗೊತ್ತಿರುವ ಬೇರೊಂದು ಮುಖ ಬಂದು ನಿಲ್ಲುತ್ತದೆ.

ನನ್ನ ಅಪಾಗೆ ಒಂದು ಸಂಬಂಧ ಬಂದಿತ್ತು. ಹುಡುಗ ಮೇಷ್ಟ್ರು, ನನಗಿಂತ ಏಳೆಂಟು ವರ್ಷ ದೊಡ್ಡವನು. ಕನ್ನಡ ಪುಸ್ತಕಗಳನ್ನು ಮೊದಲು ನನ್ನ ಕೈಗೆ ಕೊಟ್ಟವನೇ ಅವನು. ಪಿಂಜಾರರ ಮನೆ. ಅವನ ಅಪ್ಪ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಹತ್ತಿ ಹಿಂಜಿದವರು. ಅಬ್ಬಾ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ತೀರ್ಮಾನಕ್ಕೆ ದಾದಾನ ಮುಖ ನೋಡಿದರು. ದಾದಾಗೆ ಆಗ ತೊಂಬತ್ತು ಹತ್ತಿರ ಬಂದಿತ್ತು. ಆಯುಷ್ಯದ ಅರ್ಧವನ್ನು ಜಾದೂಘರದ ಬಾಗಿಲ ಹೊರಗೆ ನಿಂತು ಕಳೆದವರು. ದೊರೆಗಳ ಎಂಜಲು ತಟ್ಟೆ ಎತ್ತಿದವರು. 'ಹುಡುಗ ಒಳ್ಳೆಯವನು. ಆದರೆ ನಮಾಜಿನ ಸಫ್ ಬೇರೆ, ನಿಕಾಹ್ ಬೇರೆ' ಎಂದರು. ಅಷ್ಟೆ. ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಅಪಾ ಅಡಿಗೆಮನೆಯಲ್ಲಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ, ಕಿಪ್ಲಿಂಗನನ್ನು ಓದಿ ಬಿಳಿಯರ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದ ದಿನಗಳು. ನಾನೂ ಮಾತಾಡಲಿಲ್ಲ.

ಆ ಶುಕ್ರವಾರ ಜುಮ್ಮಾಕ್ಕೆ ತಡವಾಗಿ ಹೋದೆ. ಹಿಂದಿನ ಸಫ್‌ನಲ್ಲಿ ಒಬ್ಬರಿಗಾಗುವಷ್ಟು ಜಾಗವಿತ್ತು, ಹೋಗಿ ನಿಂತೆ. ಪಕ್ಕದಲ್ಲಿ ಅವನು. ಸ್ವಲ್ಪ ಸರಿದು ಜಾಗ ಕೊಟ್ಟ, ಭುಜಕ್ಕೆ ಭುಜ ತಾಗಿತು. ನಮಾಜ್ ಮುಗಿದು ಸಲಾಂ ಹೇಳಿ ಬಲಕ್ಕೆ ಮುಖ ತಿರುಗಿಸಿದಾಗ ಅವನ ಮುಖವೂ ಆಚೆಗಿತ್ತು. ಎಡಕ್ಕೆ ತಿರುಗಿದಾಗ ಅವನು ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು. ದುಆಗೆ ಕೂರದೆ ಎದ್ದೆ. ಹೊರಗೆ ರಾಶಿಬಿದ್ದ ಚಪ್ಪಲಿಗಳಲ್ಲಿ ನನ್ನದನ್ನು ಹುಡುಕುತ್ತ ಬಹಳ ಹೊತ್ತು ಬಗ್ಗಿಯೇ ಇದ್ದೆ.